ಕೀಳಬಾರದ ಗೂಟ

ದಾಳಿಂಬವೆಂಬ ಊರಿನ ತವರಿನಲ್ಲಿದ್ದಾಗಲೇ ತುಳಜಾಬಾಯಿಯ ಅಂಗೈಗಳಲ್ಲಿ ಜಾಲಿಮುಳ್ಳಿನ ಕಲೆಗಳಿದ್ದವು. ಮದುವೆಗೆ ಬಳೆ ಇಡಿಸಲು ಬಂದಿದ್ದ ಬಳೆಗಾರ್ತಿ ಆ ಕೈಯನ್ನು ತಿರುಗಿಸಿ ನೋಡಿ, "ಯವ್ವಾ, ಇದು ಮದಿಮಗಳ ಕೈಯೋ, ಬೇಲಿ ಕಟ್ಟೋ ಗಂಡಸಿನ ಕೈಯೋ?" ಎಂದಿದ್ದಳು. ಅದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಕುರಿ ಸಾಕುವವರ ಮನೆಗೆ ಬೇಲಿ ಕಟ್ಟಲು ಬಾರದ ಸೊಸೆಯನ್ನು ಯಾರು ತಂದುಕೊಳ್ಳುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಅವಳನ್ನು ತಂದುಕೊಂಡವರು ಸಿಂದಿವಾಡಿಯವರು. ಮರಾಠಿ ಸೀಮೆಯಲ್ಲಿ ಉಮರ್ಗಾ ಬಿಟ್ಟು ಮುರುಮದ ಕಡೆ ಹೋಗುವಾಗ ಹಳ್ಳದ ದಂಡೆಯ ಮೇಲೆ ಸಿಗುವ ಊರು ಅದು. ಗಂಡ ಬಕ್ಕಪ್ಪ ಕಡಿಮೆ ಮಾತಿನವನು. ದೀಪಾವಳಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹಿಂಡು ಹೊಡೆದುಕೊಂಡು ನಿಲಂಗಾ ದಾಟಿ, ಶಿರೂರ ಅನಂತಪಾಳದ ಬಯಲು ಹಾಯ್ದು ಉದಗೀರದ ತನಕ ಹೋಗುತ್ತಿದ್ದರು. ತೊಗರಿ ಕಿತ್ತ ಹೊಲ, ಜೋಳ ಕೊಯ್ದ ಹೊಲ ಸಿಕ್ಕಲ್ಲಿ ರಾತ್ರಿ ಕುರಿ ತರುಬುವುದು, ಬೆಳಗಾದರೆ ಹೊಲಕ್ಕೆ ಗೊಬ್ಬರ ಬಿಟ್ಟು ಮುಂದಕ್ಕೆ ನಡೆಯುವುದು. ಹೋದ ಹೋದಲ್ಲಿ ಮುಳ್ಳಿನ ದೊಡ್ಡಿ ಕಟ್ಟುವವಳು ತುಳಜಾಬಾಯಿಯೇ. ಕವಲುಗೋಲಿನಿಂದ ಜಾಲಿಯ ಕೊಂಬೆಗಳನ್ನು ಒಂದರೊಳಗೊಂದು ಒತ್ತಿ ಅವಳು ಕಟ್ಟಿದ ಬೇಲಿಯಲ್ಲಿ ತೋಳಕ್ಕೂ ಸಂದು ಸಿಗುತ್ತಿರಲಿಲ್ಲ.

ದೊಡ್ಡಿ ಕಟ್ಟುವುದಕ್ಕೆ ಒಂದು ಕಟ್ಟಳೆ ಇತ್ತು. ನೀರಿನ ಕಡೆಯ ಮೂಲೆಯಲ್ಲಿ ಮೊದಲ ಗೂಟ ನೆಡಬೇಕು. ಅದಕ್ಕೆ ಭಂಡಾರದ ಅರಿಶಿನ ಬಳಿದು, ಉಣ್ಣೆಯ ಕಂಕಣ ಕಟ್ಟಿ, ಕುರಿಗಾಹಿಗಳ ದೇವರು ಬೀರಪ್ಪನ ಹೆಸರು ಹೇಳಿ ಕಾಯಿ ಒಡೆಯಬೇಕು. ಆಮೇಲೆ ಉಳಿದ ಬೇಲಿ. ದೊಡ್ಡಿ ಎತ್ತುವ ದಿನ ಬಾಕಿ ಎಲ್ಲ ಕಿತ್ತರೂ ಆ ಗೂಟವನ್ನು ಮಾತ್ರ ಬಿಟ್ಟು ಹೋಗಬೇಕು. ಹೊಲದ ಒಡೆಯ ನೇಗಿಲು ಹೂಡುವಾಗ ತಾನೇ ಅದನ್ನು ಕಿತ್ತು ಬದುವಿಗೆ ಇಡುತ್ತಿದ್ದ. ನೆಟ್ಟವರ ಕೈ ಕೀಳಬಾರದು, ಹೊಲದವರ ಕೈ ಕೀಳಬೇಕು. ಉದಗೀರದ ದಾರಿಯುದ್ದಕ್ಕೂ ಅವರು ಬಿಟ್ಟುಬಂದ ಗೂಟಗಳೆಷ್ಟೋ.

ಬಕ್ಕಪ್ಪನ ಮೊಣಕಾಲು ಕೈಕೊಟ್ಟ ಮೇಲೆ ತಿರುಗಾಟ ನಿಂತಿತು. ಹಿಂಡು ಕರಗಿ, ಹಿತ್ತಲಲ್ಲಿ ಹಿಡಿಸುವಷ್ಟು ಕುರಿಗಳು ಉಳಿದವು. ಮಗ ನಾಗನಾಥ ಉಮರ್ಗಾ–ಮುರುಮದ ನಡುವೆ ಶೇರ್ ಆಟೋ ಓಡಿಸತೊಡಗಿದ. ಸೊಸೆ ಪೂನಮ ಬಂದಳು. ಹಿತ್ತಲಿನ ಕುರಿಗಳು ಮಾತ್ರ ತುಳಜಾಬಾಯಿಯವೇ. ಬೆಳಗಾದರೆ ಹೆಸರು ಹಿಡಿದು ಕರೆಯುತ್ತಿದ್ದಳು, ಸಂಜೆಯಾದರೆ ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡುತ್ತಿದ್ದಳು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಷ್ಟರಲ್ಲಿ ಸಿಂದಿವಾಡಿ ನಗರಪಂಚಾಯತಿ ಆಯಿತು. ಬೀದಿದೀಪ ಬಂದವು, ಒಳ್ಳೆಯದೇ ಆಯಿತು. ಹಳ್ಳದ ದಂಡೆ ಚೆಂದ ಮಾಡಬೇಕೆಂದು ಜಾಲಿಯ ಪೊದೆಗಳನ್ನು ಜೆಸಿಬಿಯಿಂದ ಬೇರು ಸಹಿತ ಎಬ್ಬಿಸಿದರು. ಪಕ್ಕದ ಸರುಬಾಯಿಯ ಹೊಲ ಪ್ಲಾಟುಗಳಾಯಿತು. ಅವಳ ಮಗ ಬಸವಕುಮಾರ ಹಿತ್ತಲಿಗೆ ಹತ್ತಿಕೊಂಡೇ ಎರಡು ಮಹಡಿಯ ಮನೆ ಎಬ್ಬಿಸಿದ. ಮುರುಮದ ರಸ್ತೆಗೆ ಕೋಳಿ ಅಂಗಡಿಗಳು ಬಂದವು. ಅವುಗಳ ಹಿಂದೆ ನಾಯಿಗಳು ಬಂದವು.

ಒಂದು ಬೆಳಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದ ಪೂನಮ ಕೂಗಿಕೊಂಡಳು. ಹಳೆಯ ಬೇಲಿ ಒಣಗಿ ಉದುರಿ ಹೋಗಿದ್ದಲ್ಲಿ ನಾಯಿಗಳು ನುಗ್ಗಿದ್ದವು. ಹೊಸದಾಗಿ ಹುಟ್ಟಿದ್ದ ಎರಡು ಮರಿಗಳಲ್ಲಿ ಒಂದು ಇರಲೇ ಇಲ್ಲ. ಇನ್ನೊಂದು ಇದ್ದೂ ಇಲ್ಲದಂತಿತ್ತು. ತುಳಜಾಬಾಯಿ ಅದನ್ನು ಸೆರಗಿನಲ್ಲಿ ಎತ್ತಿಕೊಂಡಳು. ಆಮೇಲೆ ಕವಲುಗೋಲು ಹಿಡಿದು ಹಳ್ಳದ ದಂಡೆಯುದ್ದಕ್ಕೂ ನಡೆದು ಬರಿಗೈಯಲ್ಲಿ ತಿರುಗಿ ಬಂದಳು. ಬೇಲಿಗೆ ಒಂದು ಕೊಂಬೆ ಜಾಲಿ ಸಿಕ್ಕಿರಲಿಲ್ಲ.

"ತಂತಿ ಜಾಳಿಗಿ ಹಾಕಮ್ ಬಿಡವ್ವಾ," ಎಂದ ನಾಗನಾಥ. "ಸಿಮೆಂಟ್ ಕಂಬ, ನಾ ತರ್ತೀನಿ. ನಿನ್ನ ಮುಳ್ಳಿಗಿಂತ ಗಟ್ಟಿ ಇರ್ತದ."

"ಗಟ್ಟಿ ಇರ್ಲಿ. ಮೊದಲಿನ ಕಂಬ ಹಳ್ಳದ ಕಡಿ ಮೂಲ್ಯಾಗ ನೆಡಬೇಕು ಮತ್ತ."

"ಎಲ್ಲಿ ಹೇಳ್ತಿ ಅಲ್ಲಿ."

ಹಳ್ಳದ ಕಡೆಯ ಮೂಲೆಯಲ್ಲಿ ತಗ್ಗು ತೋಡಿದರು. ನಾಗನಾಥ ಕಂಬ ನಿಲ್ಲಿಸಿ, ಸುತ್ತ ಖಡಿಕಲ್ಲು, ಸಿಮೆಂಟು ಸುರಿದು ಕೈಯಾರೆ ಬಡಿದ. ಬಕ್ಕಪ್ಪ ಕುಂಟುತ್ತ ಬಂದು ಕಂಬಕ್ಕೆ ತಲೆಯಿಂದ ಬುಡದ ತನಕ ಭಂಡಾರ ಬಳಿದ, ಕಂಕಣ ಕಟ್ಟಿದ. ಪೂನಮ ಆಗ ಬಸುರಿ. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಬಕ್ಕಪ್ಪ ಕಾಯಿ ಒಡೆದು, ಕುರಿಗಳ ಹೆಸರಿನ ಜೊತೆ ಸೊಸೆಯ ಹೆಸರನ್ನೂ ಹೇಳಿ ಬೀರಪ್ಪನಿಗೆ ಕೈ ಮುಗಿದ. ಸಂಜೆಯ ಹೊತ್ತಿಗೆ ಹಿತ್ತಲಿನ ಸುತ್ತ ಜಾಳಿಗೆ ನಿಂತಿತ್ತು. ನಾಯಿಗಳು ಬಂದು ಮೂಸಿ ನೋಡಿ ಹೋದವು. ಎಷ್ಟೋ ದಿನಗಳ ಮೇಲೆ ತುಳಜಾಬಾಯಿ ಒಳಗೆ ಮಲಗಿದಳು.

ವಾರ ಕಳೆಯುವುದರೊಳಗೆ ನಗರಪಂಚಾಯತಿಯ ಸಾಹೇಬ ಬಂದ. ಉದಗೀರದ ಕಡೆಯ ಹುಡುಗ, ಮನೆಮಾತು ಕನ್ನಡ. ಬಸವಕುಮಾರ ತಕರಾರು ಕೊಟ್ಟಿದ್ದಾನೆ ಎಂದು ಅವನು ಮುಚ್ಚಿಡಲಿಲ್ಲ. ನಾಗನಾಥನ ಆಟೋದ ಹಿಂದಿನ ಸೀಟಿನ ಮೇಲೆ ಬಣ್ಣಬಣ್ಣದ ನಕ್ಷೆ ಹರಡಿದ.

"ನೋಡ್ರಿ ಮಾವಶಿ. ನಿಮ್ಮ ಮನಿ ಮತ್ತ ಹಿತ್ತಲದ ಈ ಕಡಿ ಅರ್ಧ ಹಳದಿಯೊಳಗ ಅದ. ಹಳದಿ ಅಂದ್ರ ಮಂದಿ ಇರೋ ಜಾಗ. ಇಲ್ಲಿ ಬೇಲಿ ಹಾಕಬಹುದು, ಕುರಿದೊಡ್ಡಿ ಮಾಡಂಗಿಲ್ಲ. ಆ ಕಡಿ ಅರ್ಧ ಹಸಿರಿನೊಳಗ ಅದ, ಹಳ್ಳದ ಪಟ್ಟಿ. ಅಲ್ಲಿ ಕುರಿ ಮೇಯಿಸಬಹುದು, ಬೇಲಿ ಹಾಕಂಗಿಲ್ಲ."

"ಜಾಗಾ ನಮ್ಮದೇ ಅದ ಅಲ್ಲೇನ್ರಿ?"

"ನಿಮ್ಮದೇ. ಜಾಗಾ ನಿಮ್ಮದು, ಝೋನ್ ಸರಕಾರದ್ದು."

ತುಳಜಾಬಾಯಿ ನಕ್ಷೆಯ ಮೇಲೆ ಬಾಗಿ ನೋಡಿದಳು. "ಅಂದ್ರ ಕುರಿ ಇರೋದಲ್ಲಿ ಬೇಲಿ ಇಲ್ಲ, ಬೇಲಿ ಇರೋದಲ್ಲಿ ಕುರಿ ಇಲ್ಲ."

"ಹೂಂ, ಹಂಗೇ ಆಯ್ತು."

"ಹಂಗಾರ ಈ ನಕ್ಷಾ ನಾಯಿಗೋಳು ಕೂತು ಬರ್ದಾವ ನೋಡ್ರಿ."

ಸಾಹೇಬನಿಗೆ ನಗು ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಬಕ್ಕಪ್ಪ ಮಾತ್ರ ನಗಲಿಲ್ಲ. "ಹಳದಿ ಅಂದ್ರ ಸರಕಾರಕ್ಕ ಮನಿ ಅಂತ. ನಮಗ ಹಳದಿ ಅಂದ್ರ ಬೀರಪ್ಪ," ಎಂದ.

ಸಾಹೇಬ ಕೆಟ್ಟವನಾಗಿರಲಿಲ್ಲ. ನಗು ಮುಗಿದ ಮೇಲೆ ದನಿ ತಗ್ಗಿಸಿ ಒಂದು ದಾರಿ ಹೇಳಿದ. ಹಳ್ಳದ ಪಟ್ಟಿ ಬಿಟ್ಟು ಕಂಬಗಳನ್ನೆಲ್ಲ ಮನೆಯ ಕಡೆಗೆ ಸರಿಸಿಕೊಳ್ಳಿ. ಅಳತೆಗೆ ಮೇಲಿನ ಕಚೇರಿಯಿಂದ ಬೇರೆ ಒಬ್ಬರು ಬರುತ್ತಾರೆ. ಅವರ ಮುಂದೆ ಇದು ಕಾಯಿಪಲ್ಲೆ ಹಿತ್ತಲಿನ ಬೇಲಿ ಎಂದು ಅರ್ಜಿ ಕೊಟ್ಟರೆ ಮಂಜೂರಾಗುತ್ತದೆ. ಕುರಿಯ ಸುದ್ದಿ ಯಾರೂ ತೆಗೆಯಬೇಡಿ, ನಾನೂ ತೆಗೆಯುವುದಿಲ್ಲ. ಇಷ್ಟು ಹೇಳಿ ಚಹಾ ಕುಡಿದು ಹೋದ.

ನಾಗನಾಥ ಆಟೋ ಬಿಟ್ಟು ಮನೆಯಲ್ಲಿ ನಿಂತ. ಜಾಳಿಗೆ ಬಿಚ್ಚಿ ಸುತ್ತಿಟ್ಟು, ಹಾರೆ ಹಾಕಿ ಕಂಬಗಳನ್ನು ಕಿತ್ತು, ಸಾಹೇಬ ಸುಣ್ಣ ಹಾಕಿ ತೋರಿಸಿದ್ದ ಗೆರೆಯ ಮೇಲೆ ಮತ್ತೆ ನೆಟ್ಟ. ಹಿತ್ತಲು ಅರ್ಧವಾಯಿತು. ಕುರಿಗಳು ಒಂದರ ಮೈಗೆ ಒಂದು ಒತ್ತಿ ನಿಲ್ಲಬೇಕಾಯಿತು. ಆದರೂ ಒಳಗಿದ್ದವು. ಗೆರೆಯಾಚೆ ಉಳಿದದ್ದು ಮೂಲೆಯ ಕಂಬ ಒಂದೇ. ನಾಗನಾಥ ಹಾರೆ ಹಿಡಿದು ಅದರ ಹತ್ತಿರ ಹೋಗಿ ನಿಂತ. ತಾಯಿಯ ಮುಖ ನೋಡಿದ. ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ಹೆಂಡತಿಯನ್ನು ನೋಡಿದ. ಹಾರೆ ಹೆಗಲಿಗೆ ಹಾಕಿ ತಿರುಗಿ ಬಂದ.

"ಇದಕ್ಕ ಹೊಲದವರ ಕೈ ಬೇಕು," ಎಂದಳು ತುಳಜಾಬಾಯಿ.

ಆದರೆ ಈ ಜಾಗಕ್ಕೆ ಹೊಲದವರು ಯಾರು? ಮನೆ ಅವರದೇ, ಹಿತ್ತಲು ಅವರದೇ. ಬೇರೆಯವರ ಹೊಲದಲ್ಲಿ ಇದ್ದಷ್ಟು ದಿನ ಕಟ್ಟಳೆ ಸರಿಯಾಗಿ ನಡೆದಿತ್ತು. ಸ್ವಂತ ಜಾಗದಲ್ಲಿ ನೆಟ್ಟ ಗೂಟವನ್ನು ಕೀಳಬೇಕಾಗಿ ಬಂದರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿ ಹೋಗಿರಲಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ.

ಕೊನೆಗೆ ಅವಳಿಗೆ ಸರುಬಾಯಿ ನೆನಪಾದಳು. ತುಳಜಾಬಾಯಿ ಸೊಸೆಯಾಗಿ ಬಂದ ಕಾಲದಿಂದ ಸರುಬಾಯಿಯ ಹೊಲದಲ್ಲಿ ಅವರು ಕುರಿ ತರುಬುತ್ತಿದ್ದರು. ಅವರು ಬಿಟ್ಟ ಗೂಟಗಳನ್ನು ಪ್ರತಿ ವರ್ಷ ಕೀಳುತ್ತಿದ್ದವಳು ಸರುಬಾಯಿಯೇ. ಮಧ್ಯಾಹ್ನ ಬಸವಕುಮಾರ ಉಮರ್ಗಾಕ್ಕೆ ಹೋಗಿದ್ದ ಹೊತ್ತು ನೋಡಿ ತುಳಜಾಬಾಯಿ ಅವಳನ್ನು ಕರೆದಳು.

"ಅಕ್ಕಾ, ಸಣ್ಣ ಕೆಲಸ ಅದ, ಬಾ."

ಸರುಬಾಯಿ ವಿಭೂತಿ ಹಚ್ಚಿದ ಹಣೆಗೆ ಸೆರಗು ಎಳೆದುಕೊಂಡು ಬಂದಳು. ಕಂಬ ನೋಡಿ ಬಾಯಿ ತೆರೆದಳು. "ಏ ತುಳಜಾ, ಇದು ಗೂಟ ಅದ ಏನ, ಲೈಟಿನ ಕಂಬ ಅದ?"

"ನಿನ್ನ ಮಗನ ಪುಣ್ಯೇದಿಂದ ಇದನ್ನ ಕೀಳೋ ಹೊತ್ತು ಬಂದದ."

"ನನ್ನ ಮಗನ ಮಾತು ನನ್ನ ಮುಂದ ಯಾಕ ಆಡ್ತಿ? ನಾ ಹೇಳಿದ್ರ ಕೇಳ್ತಾನೇನು ಅಂವಾ? ವಾಸ್ನಿ ಬರ್ತದ, ಮ್ಯಾಲಿನ ಖಿಡಕಿ ತೆರೀಲಾಕ ಆಗಲ್ಲ ಅಂತಾನ. ಸಣ್ಣಾಂವ ಇದ್ದಾಗ ಇದೇ ಕುರಿಗಳ ನಡು ಮಲಗ್ತಿದ್ದ."

"ಆಯ್ತು ಹಿಡಿ. ನೀ ಹಿಡದು ಅಳ್ಳಾಡಸು. ನಾ ಮುಟ್ಟಂಗಿಲ್ಲ."

ಸರುಬಾಯಿ ಕಂಬಕ್ಕೆ ಕೈ ಮುಗಿದು, ಎರಡೂ ತೋಳಿನಲ್ಲಿ ತಬ್ಬಿ ಅಲ್ಲಾಡಿಸಿದಳು. ಕಂಬ ಕದಲಲಿಲ್ಲ. ಬೆನ್ನು ಕೊಟ್ಟು ನೂಕಿದಳು. ತುಳಜಾಬಾಯಿ ಕಂಬ ಮುಟ್ಟದೆ ಸರುಬಾಯಿಯ ಹೆಗಲು ಹಿಡಿದು ನೂಕಿದಳು. ಇಬ್ಬರು ಮುದುಕಿಯರು ಒಬ್ಬರ ಹಿಂದೊಬ್ಬರು ನಿಂತು ಬಿಸಿಲಿನಲ್ಲಿ ಏದುಸಿರು ಬಿಟ್ಟರು. ಸರುಬಾಯಿಯ ಸೀರೆಯೆಲ್ಲ ಭಂಡಾರವಾಯಿತು.

"ನಿನ್ನ ಮಗ ಖಡಿ ಹಾಕ್ಯಾನ ತಂಗಿ," ಎಂದು ಅವಳು ನೆಲಕ್ಕೆ ಕುಳಿತಳು. "ಜಾಲಿ ಗೂಟ ಇದ್ರ ಒಂದ ಕೈಲಿ ಕೀಳ್ತಿದ್ದೆ. ಇದಕ್ಕ ಗಂಡಸರು ಬೇಕು. ನನ್ನ ಮನ್ಯಾಗ ಇರೋ ಗಂಡಸು ಇದಕ್ಕ ಬರಂಗಿಲ್ಲ."

ತುಳಜಾಬಾಯಿ ನೀರು ತಂದುಕೊಟ್ಟಳು. ಇಬ್ಬರೂ ಕಂಬದ ನೆರಳಿನಷ್ಟೇ ಅಗಲದ ಜಾಗದಲ್ಲಿ ಕುಳಿತು ನೀರು ಕುಡಿದರು. ಒಂದೇ ಒಂದು ಕಂಬ, ಜಾಳಿಗೆಯಿಲ್ಲ, ಏನಿಲ್ಲ, ಅದರಿಂದ ಯಾರಿಗೆ ಏನು ತ್ರಾಸ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಹಾಗೆ ಬಿಟ್ಟುಬಿಟ್ಟರು.

ಅಳತೆಯ ದಿನ ಬಂದವನು ವಯಸ್ಸಾದ ಮನುಷ್ಯ, ಕನ್ನಡಕದವನು. ಸಾಹೇಬ ಅವನ ಹಿಂದೆ ನಿಂತಿದ್ದ. ಬಸವಕುಮಾರ ತನ್ನ ಮಹಡಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದ. ಕುರಿಗಳನ್ನು ಬಕ್ಕಪ್ಪ ಬೆಳಿಗ್ಗೆಯೇ ಹಳ್ಳದಾಚೆ ಹೊಡೆದುಕೊಂಡು ಹೋಗಿದ್ದ. ಹಿತ್ತಲನ್ನು ಪೂನಮ ಗುಡಿಸಿ, ತೊಳೆದು, ಮೆಂತೆಯ ಒಂದು ಮಡಿ ಕೂಡ ಮಾಡಿಟ್ಟಿದ್ದಳು. ಅಳತೆಯವನು ಟೇಪು ಹಿಡಿಸಿದ, ಗೆರೆ ನೋಡಿದ, ತಲೆಯಾಡಿಸಿದ. ಎಲ್ಲ ಸರಿ ಇತ್ತು. ತಿರುಗಿ ಹೊರಡುವವನಿದ್ದ. ಆಗ ಅವನ ಕಣ್ಣಿಗೆ ಮೂಲೆಯ ಕಂಬ ಬಿತ್ತು.

"ಆ ಕಂಬ ಯಾವುದು?" ಎಂದು ಮರಾಠಿಯಲ್ಲಿ ಕೇಳಿದ.

"ಬಟ್ಟಿ ಒಣಗಸೋದ್ರಿ," ಎಂದ ನಾಗನಾಥ ತಟ್ಟನೆ. "ದೋರಿ ಕಟ್ತೀವಿ."

ಅಳತೆಯವನು, "ಅಚ್ಛಾ," ಎಂದ. ಅಲ್ಲಿಗೆ ಮುಗಿಯುತ್ತಿತ್ತು. ಸಾಹೇಬನ ಮುಖದಲ್ಲಿ ಗೆಲುವು ಕಾಣಿಸಿತು.

ತುಳಜಾಬಾಯಿ ಕಂಬವನ್ನು ನೋಡಿದಳು. ಭಂಡಾರ ಇನ್ನೂ ಮಾಸಿರಲಿಲ್ಲ, ಕಂಕಣ ಗಾಳಿಗೆ ಅಲ್ಲಾಡುತ್ತಿತ್ತು. ಆ ಕಂಬದ ಮುಂದೆ ತನ್ನ ಗಂಡ ಸೊಸೆಯ ಹೆಸರು ಹೇಳಿ ಕೈ ಮುಗಿದದ್ದು ಅವಳ ಕಣ್ಣೆದುರಿಗೆ ಬಂತು. ಹುಟ್ಟಿದಾಗಿನಿಂದ ಅವಳು ಎಷ್ಟೋ ಸುಳ್ಳು ಹೇಳಿದ್ದಳು. ಮರಿ ಮಾರುವಾಗ ಅದರ ವಯಸ್ಸು, ತವರಿಗೆ ಹೋಗುವಾಗ ಹೊಟ್ಟೆನೋವು. ಆದರೆ ಮೊದಲ ಗೂಟದ ಮುಂದೆ ನಿಂತು ಅದನ್ನೇ ಅಲ್ಲ ಅನ್ನುವ ಸುಳ್ಳನ್ನು ಅವಳ ಮನೆತನದಲ್ಲಿ ಯಾರೂ ಹೇಳಿರಲಿಲ್ಲ.

"ಬ್ಯಾಡ ನಾಗ್ಯಾ," ಎಂದಳು. "ದೇವರ ಮುಂದ ಸುಳ್ಳ ಬ್ಯಾಡ." ಮತ್ತೆ ಅಳತೆಯವನ ಕಡೆ ತಿರುಗಿ ತನಗೆ ಬರುವ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಇದು ಕುರಿದೊಡ್ಡಿಯ ಮೊದಲ ಗೂಟ, ಬೀರಪ್ಪನದು, ನೆಟ್ಟವರು ಕೀಳುವ ಹಾಗಿಲ್ಲ, ನೀವು ಸರಕಾರದವರು, ಈಗ ನೆಲ ನಿಮ್ಮ ಮಾತು ಕೇಳುತ್ತದೆ, ನಿಮ್ಮ ಕೈಯಿಂದಲೇ ಕಿತ್ತರೆ ನಮಗೆ ಸಂತೋಷ ಎಂದಳು. ಅವಳು ಅದನ್ನು ಬೇಡಿಕೊಂಡಂತೆ ಹೇಳಿದಳು. ಅವನಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಮಾತು.

"ಮೇಂಢ್ಯಾಂಚಾ ವಾಡಾ?" ಎಂದ. ಕುರಿದೊಡ್ಡಿಯೇ?

ಹಳ್ಳದಾಚೆಯಿಂದ ಕುರಿಯೊಂದು ಅರಚಿತು. ಮೆಟ್ಟಿಲ ಮೇಲಿದ್ದ ಬಸವಕುಮಾರ, "ಹೌದ್ರಿ ಸಾಹೇಬ್ರ, ಅದನ್ನೇ ನಾ ಬರದು ಕೊಟ್ಟೀನಿ," ಎಂದ. ಅಳತೆಯವನು ಟೇಪನ್ನು ಮತ್ತೆ ಬಿಚ್ಚಿಸಿದ. ಈ ಸಲ ಮನೆಯ ಗೋಡೆಯಿಂದ ಮೂಲೆಯ ಕಂಬದ ತನಕ ಹಿಡಿಸಿದ. ಬೇಲಿ ಹಳ್ಳದ ಪಟ್ಟಿಯೊಳಗೆ ಇದೆ, ಮನೆಗಳ ಜಾಗದಲ್ಲಿ ಕುರಿದೊಡ್ಡಿ ಇದೆ, ಎರಡೂ ನಡೆಯುವುದಿಲ್ಲ ಎಂದು ಬರೆದುಕೊಂಡ.

"ಒಂದ ಕಂಬ ಅದ ರೀ, ಬೇಲಿ ಎಲ್ಲಿ ಅದ?" ಎಂದು ನಾಗನಾಥ ಕೂಗಾಡಿದ.

ಕಂಬ ಇದ್ದರೆ ಬೇಲಿ ಇದ್ದಂತೆಯೇ, ನಾಳೆ ನೀವು ಜಾಳಿಗೆ ಕಟ್ಟುತ್ತೀರಿ ಎಂದು ಅಳತೆಯವನು ಟೇಪು ಸುತ್ತಿದ. ಸಾಹೇಬ ತುಳಜಾಬಾಯಿಯ ಮುಖ ನೋಡಲಿಲ್ಲ.

ಆ ಸಂಜೆ ನಾಗನಾಥ ಊಟ ಮಾಡಲಿಲ್ಲ. "ಬಟ್ಟಿ ಕಂಬ ಅಂದ್ರ ನಿನ್ನ ಬೀರಪ್ಪ ಸಿಟ್ಟಾಗ್ತಿದ್ನಾ ಅವ್ವಾ? ಅಂವಾ ಮೊದಲ ಕುರಿ ಕಾಯ್ದಾಂವ. ಅವನಿಗಿ ಗೊತ್ತಾಗ್ತಿದ್ದಿಲ್ಲಾ?"

ತುಳಜಾಬಾಯಿ ಮಗನ ತಾಟನ್ನು ಮುಚ್ಚಿಟ್ಟಳು. ಅವನ ಮಾತು ಸರಿ ಅನ್ನಿಸಿತ್ತು. ಗೋಡೆಗೆ ಒರಗಿದ್ದ ಬಕ್ಕಪ್ಪ, "ಆಕಿಗಿ ಏನೂ ಅನ್ನಬ್ಯಾಡ. ನಾ ಇದ್ರೂ ಅದೇ ಹೇಳ್ತಿದ್ದೆ," ಎಂದ.

ನಾಗನಾಥ ಆಟೋ ನಿಲ್ಲಿಸಿ ಕಚೇರಿಗಳಿಗೆ ಅಲೆದ. ಎಲ್ಲ ಕಡೆ ಕೂರಿಸಿದರು, ಕೇಳಿಸಿಕೊಂಡರು. ಹೊಲದ ಕಡೆ ಜಾಗ ಇದ್ದರೆ ಅಲ್ಲಿ ದೊಡ್ಡಿ ಮಾಡಿಕೊಳ್ಳಿ ಎಂದು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರಿಗೆ ಹೊಲವೇ ಇರಲಿಲ್ಲ. ಜೀವನವಿಡೀ ಬೇರೆಯವರ ಹೊಲದಲ್ಲಿ ಮಲಗಿದವರು ಅವರು.

ಜೆಸಿಬಿ ಬಂದ ದಿನ ಪೂನಮ ತವರಿನಲ್ಲಿದ್ದಳು, ದಿನ ತುಂಬಿದ್ದವು. ಜಾಳಿಗೆಯನ್ನು ಕೂಲಿಗಳು ಕತ್ತರಿಸಿ ಟ್ರಾಕ್ಟರಿಗೆ ಹಾಕಿದರು. ಗೆರೆಯ ಮೇಲಿನ ಕಂಬಗಳನ್ನು ಜೆಸಿಬಿ ಬಾಯಿ ಹಾಕಿ ಮೂಲಂಗಿಯಂತೆ ಎತ್ತಿತು. ಕೊನೆಗೆ ಮೂಲೆಯ ಕಂಬದ ಹತ್ತಿರ ಹೋಯಿತು. ತುಳಜಾಬಾಯಿ ಸೆರಗು ತಲೆಗೆ ಹಾಕಿ ಮುಂದೆ ಬಂದು ನಿಂತಳು. ಅಡ್ಡ ನಿಲ್ಲಲು ಬಂದವಳಲ್ಲ ಅವಳು. ಬೇರೆಯವರ ಕೈ ಕೀಳುವುದನ್ನು ಕಣ್ಣಾರೆ ನೋಡಿದರೆ ಮನಸ್ಸಿಗೆ ಒಂದು ನೆಲೆ ಸಿಗುತ್ತದೆ ಎಂದು ಬಂದಿದ್ದಳು.

ಚಾಲಕ ಇಂಜಿನ್ ನಿಲ್ಲಿಸಿದ. ಭಂಡಾರ ನೋಡಿದ, ಕಂಕಣ ನೋಡಿದ, ಇಳಿದು ಚಪ್ಪಲಿ ಬಿಟ್ಟ. "ಇದು ನನ್ನ ಕೈಲಿ ಆಗಲ್ಲ ಸಾಹೇಬ್ರ," ಎಂದ. "ನಮ್ಮ ಮನಿದೇವರು."

ಸಾಹೇಬ ಗಡಿಯಾರ ನೋಡಿಕೊಂಡ. ಹಿತ್ತಲು ನೋಡಿದ. "ಬಿಡು, ಹೋಗ್ಲಿ," ಎಂದ. "ಒಂದ ಕಂಬಕ್ಕ ಯಾರು ಬೇಲಿ ಅಂತಾರ."

ಕಟ್ಟೆಯ ಮೇಲಿನ ಬಕ್ಕಪ್ಪ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. ಸಾಹೇಬನಿಗೆ ತನ್ನ ಮಾತು ಆಮೇಲೆ ಕೇಳಿಸಿರಬೇಕು, ತಿರುಗಿ ನೋಡದೆ ಜೀಪು ಹತ್ತಿದ.

ಕೆಲವು ದಿನ ಕುರಿಗಳನ್ನು ಪಡಸಾಲೆಯಲ್ಲೇ ಕಟ್ಟಿದರು. ಅದೂ ಹಳದಿಯೇ. ಮತ್ತೆ ತಕರಾರು ಹೋಯಿತು. ಹಗಲು ಹಿತ್ತಲಿಗೆ ಬಿಟ್ಟರೆ ನಾಯಿಗಳು ಹಳ್ಳದ ದಂಡೆಯ ಮೇಲೆ ಸಾಲಾಗಿ ಕುಳಿತು ಕಾಯುತ್ತಿದ್ದವು. ತುಳಜಾಬಾಯಿ ಕೋಲು ಹಿಡಿದು ಕಂಬದ ಹತ್ತಿರ ಕುಳಿತಿರುತ್ತಿದ್ದಳು. ಒಂದು ಮಧ್ಯಾಹ್ನ ಕಣ್ಣು ಹತ್ತಿತು. ಕೂಗು ಕೇಳಿ ಎದ್ದಾಗ ಗಬ್ಬದ ಕುರಿಯ ಕುತ್ತಿಗೆಗೆ ನಾಯಿಯ ಬಾಯಿ ಬಿದ್ದಿತ್ತು.

ಮರುದಿನ ಅವಳೇ ನಾಗನಾಥನಿಗೆ, "ಮುರುಮದ ವ್ಯಾಪಾರಿಗಿ ಫೋನ್ ಹಚ್ಚು," ಎಂದಳು.

ಟೆಂಪೋ ಬಂದಾಗ ಅವಳು ಒಂದೊಂದನ್ನೇ ಹೆಸರು ಹಿಡಿದು ಕರೆದಳು. ಕರೆದ ಕೂಡಲೇ ಬರುವ ಕುರಿಗಳು ಅವು. ಅವಳು ಕರೆಯದೇ ಇದ್ದಿದ್ದರೆ ವ್ಯಾಪಾರಿಗೆ ಹಿಡಿಯುವುದು ಕಷ್ಟವಾಗುತ್ತಿತ್ತು. ಒಂದೊಂದರ ಬೆನ್ನು ಮುಟ್ಟಿ, ಹಲಗೆಯ ಮೇಲೆ ಹತ್ತಿಸಿದಳು.

ಪೂನಮಳ ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಕಂಬ ಕೀಳದೆ ಉಳಿದದ್ದಕ್ಕೇ ಹೀಗಾಯಿತು ಎಂದ ಬಕ್ಕಪ್ಪ. ಡಾಕ್ಟರ ಬಾಯಿ ಚಲೋ ಇದ್ದಳು ಎಂದ ನಾಗನಾಥ. ತುಳಜಾಬಾಯಿ ಮಗುವನ್ನು ಎತ್ತಿಕೊಂಡು ಇಬ್ಬರ ಮಾತಿಗೂ ತಲೆಯಾಡಿಸಿದಳು. ಬೆಳಗಾದರೆ ಅಭ್ಯಾಸಬಲದಿಂದ ಕಸಬರಿಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಮೊದಮೊದಲು ಸಂದಿಗೊಂದಿಗಳಲ್ಲಿ ಹಿಕ್ಕೆ ಸಿಗುತ್ತಿದ್ದವು.

ಒಂದು ಬೆಳಗ್ಗೆ ಸರುಬಾಯಿ ಬುಟ್ಟಿ ಹಿಡಿದು ಬಂದಳು. ಕಂಬ ದಾಟಿ ಬರುವಾಗ ಕೈ ಮುಗಿದಳು. ಈಗ ನಡುವೆ ಬೇಲಿಯಿಲ್ಲ, ನೇರ ಬರಬಹುದಾಗಿತ್ತು.

"ತುಳಜಾ, ಸೊಸಿ ಮ್ಯಾಲ ಕುಂಡ್ಯಾಗ ಮಲ್ಲಿಗಿ ಹಚ್ಚ್ಯಾಳ. ಹೂವೇ ಬಿಡವಲ್ಲವು. ಬುಟ್ಟಿ ಹಿಕ್ಕಿ ಇದ್ರ ಕೊಡು."

"ನಿನ್ನ ಮಗನಿಗಿ ವಾಸ್ನಿ ಬರಲ್ಲೇನು?"

ಸರುಬಾಯಿ ನೆಲ ನೋಡಿದಳು. "ಅಂವಾ ಮನ್ಯಾಗ ಇಲ್ಲ."

ತುಳಜಾಬಾಯಿ ಮೂಲೆಯಲ್ಲಿ ಗುಡಿಸಿಟ್ಟಿದ್ದ ಗುಡ್ಡೆಯನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ಹಾಕಿದಳು. ಅರ್ಧ ಬುಟ್ಟಿಯೂ ಆಗಲಿಲ್ಲ. ನೆಲವನ್ನು ಮತ್ತೊಮ್ಮೆ ಗುಡಿಸಿ, ಬಂದಷ್ಟನ್ನು ಅದರ ಮೇಲೆ ಹಾಕಿ, ಬುಟ್ಟಿ ಎತ್ತಿ ಕೊಟ್ಟಳು.

"ಇಷ್ಟ ಸಾಕೇಳು. ಮತ್ತ ಶ್ರಾವಣದಾಗ ಬರ್ತೀನಿ, ಆಗ ಇನ್ನಷ್ಟು…" ಎಂದು ಹೇಳುತ್ತ ಹೇಳುತ್ತ ಸರುಬಾಯಿ ನಿಂತಳು.

"ಇಲ್ಲಕ್ಕಾ," ಎಂದಳು ತುಳಜಾಬಾಯಿ. "ಇದೇ ಆಖ್ರಿ."